ಸಿಬಿಝೆಡ್ ಮಕ್ಕಳಿಗೆ ಕ್ಯಾಲ್ಕುಲಸ್ ಕಲಿಸೋಕೆ ಜಿಯೋಜೀಬ್ರಾ: ಎರಡು ವರ್ಷ ಬಳಸಿದ ಮೇಲೆ

ಎರಡು ವರ್ಷದಿಂದ ವಾರಕ್ಕೆ ಎರಡು ಗಂಟೆ ನನಗೆ ಸಿಬಿಝೆಡ್ ಕ್ಲಾಸು. ಕೆಮಿಸ್ಟ್ರಿ, ಬಾಟನಿ, ಝೂವಾಲಜಿ ಓದುವ ಈ ಮಕ್ಕಳಿಗೆ ಮ್ಯಾಥ್ಸ್ ಒಂದು ಸಬ್ಜೆಕ್ಟಾಗಿ ಇಲ್ಲವೇ ಇಲ್ಲ. ಮುಂದೆ ಎಂಎಸ್ಸಿ ಬಯೋಟೆಕ್ನಾಲಜಿಗೆ ಹೋಗಬೇಕು ಅಂತ ಐಐಟಿಗಳ ಎಂಎಸ್ಸಿ ಪ್ರವೇಶದ ಜ್ಯಾಮ್ ಪರೀಕ್ಷೆ ಕಟ್ಟಿದರೆ ಆ ಪೇಪರಿನಲ್ಲಿ ಗಣಿತವೂ ಇರುತ್ತದೆ. ಆಗ ಮಕ್ಕಳು ಕಂಗಾಲಾಗುತ್ತಾರೆ. ಅದನ್ನು ನೋಡಿ ನೋಡಿ ಬಾಟನಿ ಡಿಪಾರ್ಟ್‌ಮೆಂಟಿನ ಹಿರಿಯ ಮೇಡಂ ಒಬ್ಬರು ಪಟ್ಟು ಹಿಡಿದು ಈ ತರಗತಿ ಶುರು ಮಾಡಿಸಿದರು. ಮಾರ್ಕ್ಸ್ ಇಲ್ಲ, ಪರೀಕ್ಷೆ ಇಲ್ಲ, ಬರಬೇಕು ಅನ್ನಿಸಿದವರು ಬರುತ್ತಾರೆ.

ಈ ತರಗತಿಯಲ್ಲಿ ನನ್ನ ಕೈಗೆ ಹತ್ತಿದ ಸಾಧನ ಜಿಯೋಜೀಬ್ರಾ. ಸೂತ್ರ ಟೈಪ್ ಮಾಡಿದರೆ ಗೆರೆ ಬಿಡಿಸಿಕೊಡುವ ಫೋನಿನ ಗ್ರಾಫಿಂಗ್ ಕ್ಯಾಲ್ಕುಲೇಟರ್ ಆ್ಯಪ್. ಎಂಜಿನಿಯರಿಂಗ್ ಕಾಲೇಜಿನವರು ಇದರ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ. ಜೀವಶಾಸ್ತ್ರದ ಮಕ್ಕಳ ಕಡೆಯಿಂದ ನೋಡಿ ಬರೆದದ್ದು ನನ್ನ ಕಣ್ಣಿಗೆ ಬೀಳಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ, ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಉಳಿದ ಅರ್ಧ ಯಾಕೆ ಅಂತ ಮುಂದೆ ಬರುತ್ತದೆ.

ಈ ಮಕ್ಕಳು ಯಾರು ಅಂತ ಸ್ವಲ್ಪ ಗೊತ್ತಿರಬೇಕು. ಹೆಚ್ಚಿನವರು ಪಿಯುಸಿಯಲ್ಲಿ ಪಿಸಿಎಂಬಿ ತಗೊಂಡವರು. ನೀಟ್‌ನಲ್ಲಿ ಗಣಿತ ಇಲ್ಲ, ಹಾಗಾಗಿ ಎರಡನೇ ಪಿಯುಸಿಯಲ್ಲಿ ಮ್ಯಾಥ್ಸ್ ಪಾಸಾದರೆ ಸಾಕು ಅಂತ ಬದಿಗಿಟ್ಟವರು. ಎಕ್ಸ್ ಘಾತ ಎನ್ ಕೊಟ್ಟರೆ ಡೆರಿವೇಟಿವ್ ಏನು ಅಂತ ಥಟ್ಟನೆ ಹೇಳುತ್ತಾರೆ. ಎಕ್ಸ್ ಘನದ ಡೆರಿವೇಟಿವ್ ಎಕ್ಸ್ 2 ಆದಾಗ 12, ಅದನ್ನೂ ಹೇಳುತ್ತಾರೆ. ಆ 12 ಅಂದರೆ ಏನು ಅಂದ ಕೂಡಲೇ ಕ್ಲಾಸು ಸ್ತಬ್ಧ. ಹನ್ನೆರಡು ಏನು? ಎಷ್ಟಕ್ಕೆ ಹನ್ನೆರಡು? ಆ ಜಾಗದಲ್ಲಿ ಗೆರೆ ಏರುವ ವೇಗ ಅದು, ಎಕ್ಸ್ ಒಂದು ಚೂರು ಹೆಚ್ಚಿದರೆ ಎಕ್ಸ್ ಘನ ಹೆಚ್ಚುಕಡಿಮೆ ಅದರ ಹನ್ನೆರಡು ಪಟ್ಟು ಹೆಚ್ಚುತ್ತದೆ. ಅವರಿಗೆ ಯಾರೂ ಈ ಪ್ರಶ್ನೆ ಕೇಳಿಯೇ ಇಲ್ಲ. ಅವರ ದಡ್ಡತನ ಅಲ್ಲ ಇದು. ಬ್ಯಾಕ್ಟೀರಿಯಾ ಮೊದಲು ಸುಮ್ಮನಿದ್ದು, ಆಮೇಲೆ ಬೇಗ ಬೆಳೆದು, ಕೊನೆಗೆ ನಿಲ್ಲುವ ಲ್ಯಾಗ್ ಫೇಸ್, ಲಾಗ್ ಫೇಸ್, ಸ್ಟೇಷನರಿ ಫೇಸ್ ಚಿತ್ರವನ್ನು ಕಣ್ಣು ಮುಚ್ಚಿಕೊಂಡು ಬಿಡಿಸುವ ಮಕ್ಕಳು ಇವರು. ಆ ಚಿತ್ರದ ಒಳಗೇ ಡೆರಿವೇಟಿವ್ ಕೂತಿದೆ ಅಂತ ತೋರಿಸಬೇಕಿತ್ತು, ಅಷ್ಟೇ.

ಜಿಯೋಜೀಬ್ರಾ ಹುಟ್ಟಿದ್ದು ಆಸ್ಟ್ರಿಯಾದ ಸಾಲ್ಜ್‌ಬರ್ಗ್‌ನಲ್ಲಿ. 2001ರಲ್ಲಿ ಮಾರ್ಕುಸ್ ಹೋಹೆನ್‌ವಾರ್ಟರ್ ತಮ್ಮ ಸ್ನಾತಕೋತ್ತರ ಪ್ರಬಂಧಕ್ಕೆ ಅಂತ ಶುರು ಮಾಡಿದ್ದು. 2021ರಲ್ಲಿ ಬೆಂಗಳೂರಿನ ಬೈಜೂಸ್ ಅದನ್ನು ಕೊಂಡುಕೊಂಡಿತು. ಪಾಠಕ್ಕೆ ಬಳಸುವುದಕ್ಕೆ ನಾನು ಇವತ್ತಿನವರೆಗೆ ಒಂದು ರೂಪಾಯಿ ಕೊಟ್ಟಿಲ್ಲ. ಒಮ್ಮೆ ಇಳಿಸಿಕೊಂಡರೆ ನೆಟ್ ಇಲ್ಲದೆಯೂ ನಡೆಯುತ್ತದೆ, ಇದು ನಮಗೆ ಬಹಳ ಮುಖ್ಯ. ಹಿಂದೆ ನಾನಿದ್ದ ಒಂದು ಕಾಲೇಜಿನಲ್ಲಿ ಲ್ಯಾಬಿನ ಕಂಪ್ಯೂಟರುಗಳಲ್ಲಿ ಅರ್ಧಕ್ಕರ್ಧ ಕೆಟ್ಟಿದ್ದವು, ಬೀಗದ ಕೈ ಒಬ್ಬರ ಹತ್ತಿರ, ಅವರು ರಜೆಯಲ್ಲಿದ್ದರೆ ಪಾಠವೂ ರಜೆ. ಈಗ ಮಕ್ಕಳ ಜೇಬಿನಲ್ಲೇ ಲ್ಯಾಬ್ ಇದೆ. ಫೋನ್ ಇಲ್ಲದವರು ಪಕ್ಕದವರ ಜೊತೆ ಕೂರುತ್ತಾರೆ, ಒಬ್ಬರು ಒತ್ತುವುದು, ಇನ್ನೊಬ್ಬರು ನೋಟ್ಸಿನಲ್ಲಿ ಬರೆಯುವುದು. ಹಾಗೆ ಕೂತ ಜೋಡಿಗಳೇ ಚೆನ್ನಾಗಿ ಕಲಿತದ್ದು ಅಂತ ನನಗೆ ಅನ್ನಿಸಿದೆ.

ಈಗ ಒಂದು ಪಾಠ ಪೂರ್ತಿ ಹೇಳುತ್ತೇನೆ, ಯಾಕೆಂದರೆ ನಾನು ಈ ಆ್ಯಪಿಗೆ ಮನಸೋತದ್ದು ಅವತ್ತೇ.

ಎ ಘಾತ ಎಕ್ಸ್ ಅಂತ ಟೈಪ್ ಮಾಡಿ ಅಂದೆ. ಎ ಅಂದರೆ ಎಷ್ಟು ಅಂತ ನಾವು ಹೇಳಿಲ್ಲ, ಆಗ ಆ್ಯಪ್ ತಾನಾಗೇ ಎ ಗೆ ಒಂದು ಸ್ಲೈಡರ್ ಹಾಕಿಕೊಡುತ್ತದೆ. ಬೆರಳಿನಿಂದ ಎಳೆದರೆ ಎ ಬದಲಾಗುತ್ತದೆ, ಗೆರೆ ಕುಣಿಯುತ್ತದೆ. ಅದರ ಕೆಳಗೆ ಎಫ್ ಡ್ಯಾಶ್ ಎಕ್ಸ್ ಅಂತ ಹೊಡೆದರೆ ಡೆರಿವೇಟಿವ್ ಗೆರೆ ಬೇರೆ ಬಣ್ಣದಲ್ಲಿ ಬರುತ್ತದೆ. ಎ 2 ಇದ್ದಾಗ ಡೆರಿವೇಟಿವ್ ಗೆರೆ ಮೂಲ ಗೆರೆಗಿಂತ ಕೆಳಗೆ. ಎ 3 ಮಾಡಿದರೆ ಮೇಲೆ. ಹಾಗಾದರೆ ಮಧ್ಯದಲ್ಲಿ ಎಲ್ಲೋ ಎರಡೂ ಒಂದರ ಮೇಲೊಂದು ಕೂರಬೇಕಲ್ವಾ, ಹುಡುಕಿ ಅಂತ ಬಿಟ್ಟೆ. ಕ್ಲಾಸಿನಲ್ಲಿ ಎಲ್ಲರ ತಲೆ ಬಗ್ಗಿತು. 2.5 ಸಾಲದು, 2.8 ಜಾಸ್ತಿ, 2.7 ಹತ್ತಿರ ಅಂತ ಗುಸುಗುಸು. 2.72 ಬಂದಾಗ ಎರಡು ಗೆರೆ ಬೇರೆ ಮಾಡಿ ನೋಡುವುದಕ್ಕೇ ಆಗಲಿಲ್ಲ. ಪಿಯುಸಿಯಲ್ಲಿ ಬರೀ ಒಂದು ಅಕ್ಷರವಾಗಿದ್ದ ಇ ಅನ್ನುವ ಸಂಖ್ಯೆ ಅವರಿಗೆ ಸಿಕ್ಕಿದ್ದು ಹೀಗೆ. ಎ ಘಾತ ಎಕ್ಸ್ ಗೆರೆ ತಾನು ಎಷ್ಟಿದೆಯೋ ಅಷ್ಟೇ ವೇಗದಲ್ಲಿ ಬೆಳೆಯುವಂತೆ ಮಾಡುವ ಒಂದೇ ಒಂದು ಎ ಅದು.

ಅಲ್ಲಿಗೆ ಪಾಠ ಮುಗಿಯಿತು ಅಂದುಕೊಂಡಿದ್ದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎ ಅನ್ನು ವಾಪಸ್ 2ಕ್ಕೆ ತಂದು ಎಕ್ಸ್ ಸೊನ್ನೆ ಇರುವಲ್ಲಿ ಡೆರಿವೇಟಿವ್ ಎಷ್ಟು ಅಂತ ನೋಡುತ್ತಿದ್ದಳು. 0.69 ತೋರಿಸಿತು. ದಶಮಾಂಶ ಸ್ಥಾನ ಹೆಚ್ಚಿಸುವುದು ಹೇಗೆ ಅಂತ ಕೇಳಿದಳು, ಹೇಳಿಕೊಟ್ಟೆ. 0.693. ‘ಮೇಡಂ, ಇದು ಹಾಫ್ ಲೈಫ್ ಸೂತ್ರದ 0.693 ಅಲ್ವಾ?’

ಅದೇ. ಹೌದು, ಅದೇ. ಔಷಧಿ ಅರ್ಧ ಆಗುವ ಸಮಯ ಬೇಕಾದರೆ 0.693 ಅನ್ನು ಕೆ ಇಂದ, ಅಂದರೆ ಅದು ಕಡಿಮೆಯಾಗುವ ದರದಿಂದ, ಭಾಗಿಸಿ ಅಂತ ಫಾರ್ಮಕಾಲಜಿ ನೋಟ್ಸಿನಲ್ಲಿ ಬರೆದುಕೊಂಡಿರುತ್ತಾರೆ, ರೇಡಿಯೋ ಐಸೋಟೋಪ್ ಪಾಠದಲ್ಲೂ ಅದೇ ಬರುತ್ತದೆ. ಬ್ಯಾಕ್ಟೀರಿಯಾ ಎರಡು ಪಟ್ಟು ಆಗುವ ಸಮಯಕ್ಕೂ ಅದೇ ಸಂಖ್ಯೆ. ಎರಡು ಪಟ್ಟಾಗುವುದು, ಅರ್ಧವಾಗುವುದು, ಎರಡರಲ್ಲೂ ಇರುವುದು ಎರಡು ಅನ್ನುವ ಸಂಖ್ಯೆ, ಅದರ ನ್ಯಾಚುರಲ್ ಲಾಗ್ 0.693. ಇಷ್ಟು ದಿನ ನಾನು ಇದನ್ನು ಬೋರ್ಡಿನ ಮೇಲೆ ಎಷ್ಟೋ ಸಲ ಬರೆದಿದ್ದೇನೆ. ಅವಳು ಅದನ್ನು ತಾನೇ ಎಡವಿ ಕಂಡುಕೊಂಡಳು. ಸೀಮೆಸುಣ್ಣ ಹಿಡಿದು ನಾನು ಹೇಳಿದ್ದರೆ ಅವಳ ಮುಖದಲ್ಲಿ ಆ ಕಳೆ ಬರುತ್ತಿರಲಿಲ್ಲ.

ಎರಡನೇ ಪಾಠ ಯೀಸ್ಟ್. 1913ರಲ್ಲಿ ಟಾರ್ ಕಾರ್ಲ್‌ಸನ್ ಅನ್ನುವವರು ಗಂಟೆ ಗಂಟೆಗೂ ಅಳೆದು ಕೊಟ್ಟ ಯೀಸ್ಟ್ ಬೆಳವಣಿಗೆಯ ಅಂಕಿಗಳು ಇವೆ. ಶುರುವಿನಲ್ಲಿ 9.6, ಒಂದು ಗಂಟೆಗೆ 18.3, ಆಮೇಲೆ 29.0, 47.2, 71.1 ಹೀಗೆ ಏರುತ್ತಾ ಹದಿನೆಂಟನೇ ಗಂಟೆಗೆ 661.8ಕ್ಕೆ ಬಂದು ಹೆಚ್ಚೂಕಡಿಮೆ ನಿಂತುಬಿಡುತ್ತದೆ. ಇಲ್ಲಿ ಮೊದಲ ವರ್ಷ ನಾನು ತಪ್ಪು ಮಾಡಿದೆ. ಆ್ಯಪಿನಲ್ಲಿ ಫಿಟ್ ಲಾಜಿಸ್ಟಿಕ್ ಅಂತ ಒಂದು ಆಜ್ಞೆ ಇದೆ, ಚುಕ್ಕೆಗಳನ್ನು ಕೊಟ್ಟರೆ ಚುಕ್ಕೆಗಳ ನಡುವೆ ಹಾದುಹೋಗುವ ಎಸ್ ಆಕಾರದ ಗೆರೆಯನ್ನು ಸೂತ್ರ ಸಮೇತ ಕೊಡುತ್ತದೆ. ಅದನ್ನು ಮೊದಲ ದಿನವೇ ತೋರಿಸಿಬಿಟ್ಟೆ. ಎಲ್ಲರೂ ಒತ್ತಿದರು, ಗೆರೆ ಬಂತು, ಚಂದ ಇದೆ ಅಂದರು, ಫೋನ್ ಮಡಚಿಟ್ಟರು. ಮುಂದಿನ ವಾರ ಕೇಳಿದರೆ ಯಾರಿಗೂ ಏನೂ ಉಳಿದಿರಲಿಲ್ಲ.

ಎರಡನೇ ವರ್ಷ ಫೋನ್ ಮುಟ್ಟಬೇಡಿ ಅಂದೆ. ಮೊದಲು ಪೆನ್ಸಿಲ್, ಗ್ರಾಫ್ ಶೀಟ್. ಪ್ರತಿ ಗಂಟೆಗೂ ಎಷ್ಟು ಹೆಚ್ಚಾಯಿತು ಅಂತ ಕಳೆದು ಬರೆಯಿರಿ. 8.7, 10.7, 18.2, 23.9, ಆಮೇಲೆ 48.0, 55.5, 82.7, 93.4, 90.3, ಆಮೇಲೆ ಇಳಿಯುತ್ತದೆ, 72.3, 46.4. ಕೊನೆಗೆ ಬರೀ 2.2. ಈ ಪಟ್ಟಿಯೇ ಡೆರಿವೇಟಿವ್, ಒರಟಾದ ಡೆರಿವೇಟಿವ್. ಯೀಸ್ಟ್ ಗಂಟೆಗೆ ಎಷ್ಟರಂತೆ ಬೆಳೆಯುತ್ತಿದೆ ಅನ್ನುವುದು. ಏಳನೇ ಗಂಟೆಯಿಂದ ಎಂಟನೇ ಗಂಟೆಗೆ ಅತಿ ಹೆಚ್ಚು. ಆಗ ಯೀಸ್ಟ್ ಎಷ್ಟಿತ್ತು? 257.3ರಿಂದ 350.7. ಕೊನೆಗೆ ನಿಲ್ಲುವುದು 665ರ ಹತ್ತಿರ, ಅದರ ಅರ್ಧ 332 ಚಿಲ್ಲರೆ. ತುಂಬುವ ಜಾಗದ ಅರ್ಧ ತುಂಬಿದಾಗ ಬೆಳವಣಿಗೆಯ ವೇಗ ಅತಿ ಹೆಚ್ಚು. ಬೆಲ್ಜಿಯಂನ ಗಣಿತಜ್ಞ ವರ್‌ಹುಲ್ಸ್ಟ್ 1838ರಲ್ಲಿ ಬರೆದ ಲಾಜಿಸ್ಟಿಕ್ ಸಮೀಕರಣ ಹೇಳುವುದೂ ಇದನ್ನೇ. ಇದನ್ನು ಮಕ್ಕಳು ಕಳೆಯುವ ಲೆಕ್ಕದಲ್ಲೇ ಕಂಡರು. ಆಮೇಲೆ ಫೋನ್ ತೆಗೆದು ಫಿಟ್ ಮಾಡಿ, ಎಫ್ ಡ್ಯಾಶ್ ಹಾಕಿದಾಗ ಗುಡ್ಡದ ಆಕಾರದ ಗೆರೆ ಬಂತು, ಅದರ ತುದಿ ತಮ್ಮ 93.4 ಇರುವ ಕಡೆಯೇ ಇದೆಯಾ ಅಂತ ಎಲ್ಲರೂ ಹಿಗ್ಗಿಸಿ ನೋಡಿದರು. ಒಬ್ಬ ಹುಡುಗ ಮೀನುಗಾರಿಕೆಯ ಪಾಠ ನೆನಪು ಮಾಡಿಕೊಂಡ. ಕೆರೆಯಲ್ಲಿ ಮೀನು ಎಷ್ಟಿದ್ದಾಗ ಹಿಡಿದರೆ ಬೇಗ ವಾಪಸ್ ತುಂಬಿಕೊಳ್ಳುತ್ತದೆ ಅನ್ನುವುದು ಇದೇ ಅಲ್ವಾ ಅಂತ. ಇದೇ.

ಆ್ಯಪ್ ಅದೇ, ಅಂಕಿ ಅದೇ, ಕ್ರಮ ಮಾತ್ರ ತಿರುವುಮುರುವು. ಫಲ ಅಜಗಜಾಂತರ. ಹಾಗಾಗಿ ಈ ಆ್ಯಪ್ ಇಳಿಸಿಕೊಳ್ಳುವ ಮೇಷ್ಟ್ರುಗಳಿಗೆ ನನ್ನ ಒಂದು ಕೋರಿಕೆ ಇದೆ. ಗೆರೆ ಹೇಗೆ ಬರುತ್ತದೆ ಅಂತ ಮಕ್ಕಳು ಮೊದಲು ಕೈಯಲ್ಲಿ ಬಿಡಿಸಲಿ. ತಪ್ಪೇ ಬಿಡಿಸಲಿ. ಆಮೇಲೆ ಸ್ಲೈಡರ್.

ಮಿಖಾಯೆಲಿಸ್ ಮೆಂಟೆನ್ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಬಯೋಕೆಮಿಸ್ಟ್ರಿ ಓದಿದವರಿಗೆಲ್ಲ ಗೊತ್ತಿರುವ ಗೆರೆ. ಎಂಜೈಮ್ ಕೆಲಸ ಮಾಡುವ ಸಬ್‌ಸ್ಟ್ರೇಟ್ ಅನ್ನುವ ವಸ್ತು ಹೆಚ್ಚಿದಂತೆ ಅದರ ವೇಗ ಹೇಗೆ ಏರುತ್ತದೆ ಅಂತ ತೋರಿಸುತ್ತದೆ. ಕೆಎಂ ಅಂದರೆ ಅರ್ಧ ವೇಗ ಬರುವ ಸಬ್‌ಸ್ಟ್ರೇಟ್ ಸಾಂದ್ರತೆ ಅಂತ ಎಲ್ಲರೂ ಹೇಳುತ್ತಾರೆ. ಗೆರೆಯ ಮೇಲೆ ಜಾರುವ ಒಂದು ಸ್ಪರ್ಶಕ ಹಾಕಿಕೊಂಡು ಎಳೆದುಕೊಂಡು ಹೋದರೆ ಇನ್ನೊಂದು ವಿಷಯ ಕಾಣುತ್ತದೆ. ಶುರುವಿನಲ್ಲಿ ಇಳಿಜಾರು ವಿಮ್ಯಾಕ್ಸ್ (ಅತಿ ಹೆಚ್ಚಿನ ವೇಗ) ಭಾಗಿಸು ಕೆಎಂ. ಕೆಎಂ ಬರುವಷ್ಟರಲ್ಲಿ ವೇಗ ಅರ್ಧಕ್ಕೆ ಏರಿದೆ, ಇಳಿಜಾರು ಮಾತ್ರ ಆಗಲೇ ಕಾಲು ಭಾಗಕ್ಕೆ ಇಳಿದಿದೆ. ಅಂದರೆ ಅಲ್ಲಿಂದ ಮುಂದೆ ಸಬ್‌ಸ್ಟ್ರೇಟ್ ಎಷ್ಟು ಸುರಿದರೂ ಲಾಭ ಕಡಿಮೆ. ಒಂದು ಗಂಟೆಯ ಪಾಠ, ಸಲೀಸಾಗಿ ಆಗುತ್ತದೆ.

ಇಂಟಿಗ್ರೇಷನ್, ಅಂದರೆ ಚೂರು ಚೂರು ಕೂಡಿಸಿ ಒಟ್ಟು ತೆಗೆಯುವುದನ್ನು, ಕಲಿಸುವುದಕ್ಕೆ ನಾನು ಪ್ಲೇಗ್ ತಗೊಂಡೆ. 1927ರಲ್ಲಿ ಕೆರ್ಮಾಕ್ ಮತ್ತು ಮೆಕೆಂಡ್ರಿಕ್ ಬರೆದ ಪ್ರಬಂಧದ ಹೆಸರನ್ನು ಕೋವಿಡ್ ಕಾಲದಲ್ಲಿ ಕೇಳಿದವರು ಇರಬಹುದು, ರೋಗ ಹರಡುವುದನ್ನು ಲೆಕ್ಕ ಹಾಕುವ ಎಸ್‌ಐಆರ್ ಮಾಡೆಲ್ ಅನ್ನುವುದರ ಬೇರು ಅಲ್ಲಿದೆ. ಮೆಕೆಂಡ್ರಿಕ್ ಡಾಕ್ಟರು, ಇಂಡಿಯನ್ ಮೆಡಿಕಲ್ ಸರ್ವಿಸ್‌ನಲ್ಲಿದ್ದು ಕಸೌಲಿಯ ಪಾಶ್ಚರ್ ಇನ್‌ಸ್ಟಿಟ್ಯೂಟ್‌ನಲ್ಲಿ ಕೆಲಸ ಮಾಡಿದವರು. ಕೆರ್ಮಾಕ್ ಜೀವರಸಾಯನ ವಿಜ್ಞಾನಿ, ಲ್ಯಾಬಿನಲ್ಲಿ ಸ್ಫೋಟವಾಗಿ 1924ರಲ್ಲಿ ಕಣ್ಣು ಕಳೆದುಕೊಂಡವರು. ಆಮೇಲೆ ಬರೆದ ಪ್ರಬಂಧ ಇದು. ಅದರಲ್ಲಿ ಅವರು ತಗೊಂಡ ಅಂಕಿಗಳು ನಮ್ಮ ಮುಂಬೈಯವು, 1905ರ ಡಿಸೆಂಬರಿನಿಂದ 1906ರ ಜುಲೈವರೆಗೆ ಪ್ಲೇಗಿನಿಂದ ವಾರ ವಾರ ಸತ್ತವರ ಸಂಖ್ಯೆ. ಅದಕ್ಕೆ ಅವರು ಹೊಂದಿಸಿದ ಸೂತ್ರದಲ್ಲಿ ಇರುವುದು ಮೂರೇ ಸಂಖ್ಯೆ. ಟಿ ಅಂದರೆ ವಾರ. ಟಿಯನ್ನು 0.2ರಿಂದ ಗುಣಿಸಿ 3.4 ಕಳೆಯಬೇಕು, ಅದರ ಹೈಪರ್‌ಬೋಲಿಕ್ ಸೆಕೆಂಟ್ ತಗೊಂಡು ವರ್ಗ ಮಾಡಿ, 890ರಿಂದ ಗುಣಿಸಬೇಕು.

ಹೈಪರ್‌ಬೋಲಿಕ್ ಸೆಕೆಂಟ್ ಅಂದರೆ ಏನು ಅಂತ ಮಕ್ಕಳಿಗೆ ಗೊತ್ತಿಲ್ಲ. ಗೊತ್ತಿರಬೇಕು ಅಂತಲೂ ಇಲ್ಲ. ಟೈಪ್ ಮಾಡಿದರೆ ಗಂಟೆಯ ಆಕಾರದ ಗೆರೆ ಬರುತ್ತದೆ. ತುದಿ ಹದಿನೇಳನೇ ವಾರದಲ್ಲಿ, ಎತ್ತರ 890. ಆ ಒಂದು ವಾರದಲ್ಲಿ ಸುಮಾರು 890 ಜನ. ಈಗ ಒಟ್ಟು ಎಷ್ಟು ಜನ ಸತ್ತರು? ಒಂದೊಂದು ವಾರಕ್ಕೆ ಒಂದೊಂದು ಕಂಬ ನಿಲ್ಲಿಸಿ ಕೂಡಿಸೋಣ ಅಂದರು ಮಕ್ಕಳೇ. ಸರಿ, ಕೂಡಿಸಿದರು. ಆಮೇಲೆ ಇಂಟಿಗ್ರಲ್ ಆಜ್ಞೆ ಕೊಟ್ಟು ಸೊನ್ನೆಯಿಂದ ಮೂವತ್ತನೇ ವಾರದವರೆಗೆ ಅಂದರೆ ಗೆರೆಯ ಕೆಳಗೆ ಬಣ್ಣ ತುಂಬಿ 8,840ರ ಹತ್ತಿರ ಒಂದು ಸಂಖ್ಯೆ ತೋರಿಸುತ್ತದೆ. ಅಷ್ಟು ಹೊತ್ತು ಗಲಗಲ ಮಾತಾಡುತ್ತಿದ್ದ ಕ್ಲಾಸು ಸುಮ್ಮನಾಯಿತು. ಬಣ್ಣ ತುಂಬಿದ ಆ ಜಾಗದಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಜನರಿದ್ದಾರೆ.

ಬೆಂಗಳೂರಿಗೂ 1898ರಲ್ಲಿ ಪ್ಲೇಗ್ ಬಂದಿತ್ತು, ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಅದರ ಬೆನ್ನಿಗೇ ಬೆಳೆದವು ಅಂತ ಹೇಳಿದೆ. ಒಬ್ಬಳು ತಮ್ಮೂರಿನ ಪ್ಲೇಗ್ ಮಾರಮ್ಮನ ಗುಡಿಯ ಬಗ್ಗೆ ಹೇಳಿದಳು, ಅಜ್ಜಿ ಕಾಲದಲ್ಲಿ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡಿದ್ದರಂತೆ. ಆಗ ಝೂವಾಲಜಿ ಚೆನ್ನಾಗಿ ಓದುವ ಹುಡುಗ ಕೈ ಎತ್ತಿದ. ‘ಮೇಡಂ, ಈ ಸೂತ್ರದಲ್ಲಿ ಇಲಿ ಎಲ್ಲಿದೆ?’ ಎಂಥ ಪ್ರಶ್ನೆ! ಪ್ಲೇಗ್ ಹರಡುವುದು ಇಲಿಯ ಚಿಗಟದಿಂದ. ಸೂತ್ರದಲ್ಲಿ ಇಲಿಯೂ ಇಲ್ಲ, ಚಿಗಟವೂ ಇಲ್ಲ, ಬೇಸಿಗೆ ಮಳೆಗಾಲವೂ ಇಲ್ಲ. ಗೆರೆ ಹೊಂದಿಕೊಂಡಿತು ಅಂದ ಮಾತ್ರಕ್ಕೆ ಕಾರಣ ಸಿಕ್ಕಿತು ಅಂತ ಅಲ್ಲ. ಇದನ್ನು ಗಣಿತದ ಮಕ್ಕಳು ನನ್ನನ್ನು ಯಾವತ್ತೂ ಕೇಳಿಲ್ಲ, ಜೀವಶಾಸ್ತ್ರದ ಹುಡುಗ ಕೇಳಿದ. ಜೀವಿಯನ್ನು ಬಲ್ಲವರಿಗೆ ಕ್ಯಾಲ್ಕುಲಸ್ ಯಾಕೆ ಕಲಿಸಬೇಕು ಅಂತ ಯಾರಾದರೂ ಕೇಳಿದರೆ ನಾನು ಈ ಪ್ರಶ್ನೆಯನ್ನೇ ತೋರಿಸುತ್ತೇನೆ.

ಇನ್ನು ಆ ಅರ್ಧ ಅಂಕದ ವಿಷಯ. ಚಿಕ್ಕ ಫೋನಿನಲ್ಲಿ ಹತ್ತೊಂಬತ್ತು ಚುಕ್ಕೆ ಟೈಪ್ ಮಾಡುವುದು ಕಷ್ಟದ ಕೆಲಸ. ಬ್ರಾಕೆಟ್, ಅಲ್ಪವಿರಾಮ ಒಂದು ತಪ್ಪಿದರೂ ಗೆರೆ ಬರುವುದಿಲ್ಲ, ಇಂಗ್ಲಿಷ್ ಆಜ್ಞೆಗಳು ಬಾಯಿಗೆ ಬರದ ಮಕ್ಕಳು ಅಲ್ಲೇ ಸೋತುಬಿಡುತ್ತಾರೆ. ಅದಕ್ಕೆ ನಾನು ಅಂಕಿ ತುಂಬಿದ ಫೈಲನ್ನೇ ಮೊದಲೇ ಮಾಡಿ ಗ್ರೂಪಿಗೆ ಕಳಿಸುತ್ತೇನೆ, ಆಜ್ಞೆಗಳನ್ನು ಒಂದು ಚೀಟಿಯಲ್ಲಿ ಬರೆದು ಕೊಡುತ್ತೇನೆ. ಇನ್ನೊಂದು, ಅಕ್ಷಗಳ ಅಳತೆ. ಎಡದಿಂದ ಬಲಕ್ಕೆ 18, ಕೆಳಗಿನಿಂದ ಮೇಲಕ್ಕೆ 660. ಹಾಗೇ ಬಿಟ್ಟರೆ ಪರದೆಯಲ್ಲಿ ಏನೂ ಕಾಣುವುದಿಲ್ಲ, ಎರಡೂ ಅಕ್ಷವನ್ನು ಬೇರೆ ಬೇರೆ ಹಿಗ್ಗಿಸುವುದನ್ನು ಮೊದಲ ದಿನವೇ ಕಲಿಸಬೇಕು. ಅದರಲ್ಲೂ ಒಂದು ಪಾಠ ಇದೆ ಅನ್ನಿ. ಪರದೆಯಲ್ಲಿ ಗೆರೆ ಕಡಿದಾಗಿ ಕಂಡ ಮಾತ್ರಕ್ಕೆ ಇಳಿಜಾರು ಜಾಸ್ತಿ ಅಲ್ಲ, ಅಕ್ಷದ ಮೇಲಿನ ಅಂಕಿ ಓದಬೇಕು. ಪೇಪರಿನಲ್ಲಿ ಬರುವ ಗ್ರಾಫುಗಳನ್ನು ನೋಡುವಾಗಲೂ ಇದು ಅವರಿಗೆ ಬೇಕಾಗುತ್ತದೆ.

ಸೂತ್ರ ಬಿಡಿಸುವ ಅಭ್ಯಾಸಕ್ಕೆ ಮಾತ್ರ ಇದನ್ನು ನೆಚ್ಚಬೇಡಿ. ಚೈನ್ ರೂಲ್ ಕೈಗೆ ಹತ್ತಬೇಕಾದರೆ ನೋಟ್‌ಬುಕ್ಕಿನಲ್ಲಿ ಇಪ್ಪತ್ತು ಮೂವತ್ತು ಲೆಕ್ಕ ಮಾಡಲೇಬೇಕು, ಜ್ಯಾಮ್ ಹಾಲಿನಲ್ಲಿ ಈ ಫೋನ್ ಇರುವುದಿಲ್ಲ. ಡೆಸ್ಮಾಸ್ ಅನ್ನುವ ಇಂಥದೇ ಇನ್ನೊಂದು ಆ್ಯಪ್ ಕೂಡ ಬಳಸಿ ನೋಡಿದ್ದೇನೆ, ಅದೂ ಒಳ್ಳೆಯದೇ, ಕೆಲವು ಮಕ್ಕಳಿಗೆ ಅದೇ ಇಷ್ಟ. ಫಿಟ್ ಮಾಡುವುದು, ಜಾಗ ಜಾಗದ ಇಳಿಜಾರು ತೋರಿಸುವ ಸ್ಲೋಪ್ ಫೀಲ್ಡ್ ಬಿಡಿಸುವುದು ಎಲ್ಲ ಒಂದೇ ಕಡೆ ತಯಾರು ಸಿಗುತ್ತದೆ ಅಂತ ನಾನು ಜಿಯೋಜೀಬ್ರಾದಲ್ಲೇ ಉಳಿದುಕೊಂಡೆ.

ಹೋದ ಸೆಮಿಸ್ಟರಿನ ಕೊನೆಗೆ ಒಂದು ಕೆಲಸ ಕೊಟ್ಟಿದ್ದೆ. ಮನೆಯಲ್ಲಿ ಬದಲಾಗುವ ಯಾವುದಾದರೂ ಒಂದನ್ನು ಅಳೆದು ತನ್ನಿ ಅಂತ. ಅದೇ 0.693 ಹುಡುಗಿ ಗಾಜಿನ ಬಾಟಲಿಯಲ್ಲಿ ಇಡ್ಲಿ ಹಿಟ್ಟು ಹಾಕಿ, ಹೊರಗಿನಿಂದ ಸ್ಕೇಲ್ ಅಂಟಿಸಿ, ರಾತ್ರಿಯೆಲ್ಲ ಗಂಟೆಗೊಮ್ಮೆ ಎದ್ದು ಎತ್ತರ ಬರೆದುಕೊಂಡಿದ್ದಳು. ಅಮ್ಮ ಬೈದರಂತೆ, ಆಮೇಲೆ ಬೆಳಗಿನ ಜಾವದ ಎರಡು ಅಳತೆ ಅಮ್ಮನೇ ತಗೊಂಡರಂತೆ. ಹಿಟ್ಟು ಉಬ್ಬಿಸುವ ಲ್ಯುಕೊನಾಸ್ಟಾಕ್ ಬ್ಯಾಕ್ಟೀರಿಯಾದ ಹೆಸರನ್ನು ಮೇಲೆ ನೀಟಾಗಿ ಬರೆದಿದ್ದಳು. ಕೆಳಗೆ ಅಂಕಿ, ಪಕ್ಕದಲ್ಲಿ ಕಳೆದು ಬರೆದ ವ್ಯತ್ಯಾಸ. ಮೊದಲು ಏನೂ ಇಲ್ಲ, ಆಮೇಲೆ ಬೇಗ ಬೇಗ ಏರಿದೆ, ಆಮೇಲೆ ನಿಧಾನ. ಲಾಜಿಸ್ಟಿಕ್ ಗೆರೆ ಬಹಳ ಚೆನ್ನಾಗಿ ಕೂತಿದೆ, ಕೊನೆಯ ಮೂರು ಚುಕ್ಕೆ ಬಿಟ್ಟು. ಅಲ್ಲಿ ಹಿಟ್ಟು ಇಳಿದಿದೆ.

‘ಮೇಡಂ, ಈ ಸೂತ್ರ ಇಳಿಯೋದೇ ಇಲ್ವಲ್ಲ. ಡೆರಿವೇಟಿವ್ ಮೈನಸ್ ಆಗ್ಬೇಕಿತ್ತು’ ಅಂದಳು.

ಹಿಟ್ಟು ಯಾಕೆ ಇಳಿಯಿತು ಅಂತ ಕೇಳಿದೆ. ಒಳಗಿದ್ದ ಗಾಳಿ ಹೊರಗೆ ಹೋಗಿರುತ್ತದೆ ಅಂದಳು. ಹಾಗಾದರೆ ಅದನ್ನೇ ಬರೆ ಅಂದೆ. ನೋಟ್‌ಬುಕ್ಕಿನ ಕೊನೆಯ ಹಾಳೆ ತೆಗೆದು, ಎತ್ತರ ಬದಲಾಗುವ ವೇಗ ಸಮ ಅಂತ ಬರೆದು, ಮುಂದೆ ‘ಹುಟ್ಟುವ ಗಾಳಿ’ ಅಂತ ಬರೆದಳು. ಮೈನಸ್ ಚಿಹ್ನೆ ಹಾಕಿ ಪೆನ್ಸಿಲ್ ಕಚ್ಚಿಕೊಂಡು ಸ್ವಲ್ಪ ಹೊತ್ತು ಕೂತಳು. ಆಮೇಲೆ ‘ಸೋರುವ ಗಾಳಿ, ಹಿಟ್ಟು ಎತ್ತರ ಇದ್ದಷ್ಟೂ ಜಾಸ್ತಿ?’ ಅಂತ ಬರೆದು, ಪ್ರಶ್ನಾರ್ಥಕದ ಕೆಳಗೆ ಎರಡು ಗೆರೆ ಎಳೆದು, ಫೋನ್ ಕೈಗೆ ತಗೊಂಡಳು.